ಆನೆ ಮೊದಲು, ಯುದ್ಧ ಆಮೇಲೆ

ಭದ್ರಾವತಿಯ ಓದುಗರೊಬ್ಬರ ಪತ್ರ: ಡಿಸೆಂಬರಿನಲ್ಲಿ ಎರಡು ದಿನ ಗಾಜನೂರು, ಕವಲೇದುರ್ಗ, ನಗರ (ಹಳೆಯ ಬಿದನೂರು) ನೋಡಿ ಬರುವ ಆಸೆ. ಜೊತೆಗೆ ಹೆಂಡತಿ, ಅಕ್ಕ, ಭಾವ, ಹೈಸ್ಕೂಲು ಓದುವ ಮಗ. ಯುದ್ಧ ನಡೆದ ಜಾಗಗಳ ಹುಚ್ಚು ಇರುವುದು ಇವರೊಬ್ಬರಿಗೇ. ಹಿಂದಿನ ಸಲ ಭಾವ "ಕಲ್ಲು ನೋಡಕ್ಕೆ ಇಷ್ಟು ದೂರ ಬರ್ಬೇಕಿತ್ತಾ ಮಾರಾಯ" ಅಂದರಂತೆ. ಎಲ್ಲರಿಗೂ ಆಸಕ್ತಿ ಹುಟ್ಟಿಸುವುದು ಹೇಗೆ, ಹೊಳೆಹೊನ್ನೂರನ್ನೂ ಸೇರಿಸಬಹುದೇ ಎಂದು ಕೇಳಿದ್ದಾರೆ.

ಉತ್ತರ: ಆಸಕ್ತಿ ಹುಟ್ಟಿಸುವ ಯೋಚನೆಯನ್ನೇ ಕೈಬಿಡಿ. ಭಾವನವರ ಮಾತಿನಲ್ಲಿ ತಪ್ಪಿಲ್ಲ. ಕಥೆ ಗೊತ್ತಿಲ್ಲದವರಿಗೆ ಯುದ್ಧಭೂಮಿ ಎಂದರೆ ಗದ್ದೆ, ಹೊಳೆ, ಕಾಡು, ಅಷ್ಟೇ. ಅವರವರಿಗೆ ಬೇಕಾದ ಇನ್ನೊಂದು ಹತ್ತಿರದಲ್ಲೇ ಇರುವಂತೆ ನೋಡಿಕೊಂಡು, ಹೊತ್ತನ್ನು ಹಂಚಿಕೊಳ್ಳಿ.

ಗಾಜನೂರು ಇದಕ್ಕೆ ಹೇಳಿ ಮಾಡಿಸಿದ ಜಾಗ. ಪಕ್ಕದಲ್ಲೇ ಸಕ್ರೆಬೈಲು ಆನೆ ಬಿಡಾರವಿದೆ. ಆನೆಗಳು ಹೊಳೆಗಿಳಿಯುವುದು ಬೆಳಗ್ಗೆ. ಆಮೇಲೆ ಅವನ್ನು ಕಾಡಿಗೆ ಬಿಡುತ್ತಾರೆ. ಹಾಗಾಗಿ ಏಳಕ್ಕೇ ಊರು ಬಿಟ್ಟು ನೇರ ಬಿಡಾರಕ್ಕೆ ಹೋಗಿ. "ಮೊದಲು ಯುದ್ಧಭೂಮಿ, ಆಮೇಲೆ ಆನೆ" ಎಂದಿರೋ, ಆನೆ ತಪ್ಪುತ್ತದೆ, ಇಡೀ ದಿನದ ಮುಖ ಕೆಡುತ್ತದೆ. ಆನೆ ನೋಡಿ ತಣಿದವರು ಅರ್ಧ ಗಂಟೆ ನಿಮಗೆ ಕೊಟ್ಟಾರು.

ಆ ಅರ್ಧ ಗಂಟೆಯಲ್ಲಿ ಹೇಳುವುದು ಒಂದೇ ಸಂಗತಿ ಇರಲಿ. 1791ರ ಡಿಸೆಂಬರ್ 29ರಂದು ಟಿಪ್ಪುವಿನ ಸೇನಾಪತಿ ರೆಜಾ ಸಾಹೇಬನ ಮೈಸೂರು ಸೈನ್ಯ ಇಲ್ಲಿ ಒಂದು ಕಡೆ ತುಂಗೆ, ಇನ್ನೊಂದು ಕಡೆ ನುಗ್ಗಲಾಗದ ಕಾಡನ್ನು ಆಸರೆ ಮಾಡಿಕೊಂಡು ನಿಂತಿತ್ತು. ಎದುರಿಗೆ ಪರಶುರಾಮ ಭಾವೂವಿನ ಮರಾಠಾ ಸೈನ್ಯ. ಆದರೆ ಅದರ ಬಲವೆಲ್ಲ ಕುದುರೆ, ಕುದುರೆಗೆ ಈ ನೆಲದಲ್ಲಿ ಕೆಲಸವಿಲ್ಲ. ಜೊತೆಗಿದ್ದ ಈಸ್ಟ್ ಇಂಡಿಯಾ ಕಂಪನಿಯ ಕ್ಯಾಪ್ಟನ್ ಲಿಟಲ್‌ನ ಬೊಂಬಾಯಿ ಸಿಪಾಯಿಗಳು ನಡೆದುಕೊಂಡೇ ಆ ಕೆಲಸ ಮುಗಿಸಿದರು. ಕೆಲವೇ ದಿನಗಳಲ್ಲಿ ಶಿವಮೊಗ್ಗದ ಕೋಟೆ ಶರಣಾಯಿತು. ಇದನ್ನು ಬಿಸಿಲಲ್ಲಿ ನಿಲ್ಲಿಸಿ ಹೇಳಬೇಡಿ. ತಿಂಡಿ ತಿನ್ನುವಾಗಲೇ ಹೇಳಿಬಿಡಿ. ಜಾಗಕ್ಕೆ ಬಂದ ಮೇಲೆ ಮಗನಿಗೆ ಒಂದೇ ಪ್ರಶ್ನೆ ಸಾಕು: "ಆ ಕಡೆ ಹೊಳೆ, ಈ ಕಡೆ ಕಾಡು, ನೀನಾದರೆ ಎಲ್ಲಿಂದ ನುಗ್ತೀಯ?" ಅಣೆಕಟ್ಟಿನಿಂದ ಹೊಳೆಯ ಪಾತ್ರವೇ ಬದಲಾಗಿದೆ ಎಂಬುದನ್ನೂ ಹೇಳಿ, ಇಲ್ಲದಿದ್ದರೆ ಹುಡುಗ ಲೆಕ್ಕ ತಪ್ಪುತ್ತಾನೆ.

ಊಟ ತೀರ್ಥಹಳ್ಳಿಯಲ್ಲಿ. ಅಲ್ಲಿಂದ ಬೆಟ್ಟದ ಮೇಲಿನ ಕೋಟೆ ಕವಲೇದುರ್ಗ ಸುಮಾರು 18 ಕಿ.ಮೀ. ಬೆಳಗ್ಗೆ ಹತ್ತುವವರೇ ಹೆಚ್ಚು. ನಮ್ಮ ಸಲಹೆ ಮಧ್ಯಾಹ್ನ ಮೂರು ಗಂಟೆ. ಡಿಸೆಂಬರಿನ ಬೆಳಗ್ಗೆ ಮಂಜಿನಲ್ಲಿ ಏನೂ ಕಾಣುವುದಿಲ್ಲ, ಇಬ್ಬನಿ ಬಿದ್ದ ಹಾಸುಗಲ್ಲು ಬೇರೆ ಜಾರುತ್ತದೆ. ನಿಧಾನಕ್ಕೆ ಹತ್ತಿದರೆ ಮುಕ್ಕಾಲು ಗಂಟೆ. ತಲಾ ಒಂದು ಲೀಟರ್ ನೀರು ಕೆಳಗಿನಿಂದಲೇ ಹೊರಬೇಕು. ಚಪ್ಪಲಿ ಬೇಡ, ಅಡಿ ಸವೆಯದ ಶೂ ಇರಲಿ. ಇದೇ ಪ್ರವಾಸವನ್ನು ಮಳೆಗಾಲಕ್ಕೆ ಹಾಕಿಕೊಂಡರೆ ಇಂಬಳಕ್ಕೆ ಉಪ್ಪಿನ ಗಂಟು ಬೇಕು; ಇಂಬಳ ಕಚ್ಚಿದ ಗಾಯದಲ್ಲಿ ರಕ್ತ ನಿಲ್ಲುವುದು ತಡ.

ಬಾಗಿಲು, ಕಾವಲುಕೋಣೆಗಳ ಹತ್ತಿರ ನೀವು ನಿಲ್ಲಿ, ಉಳಿದವರು ಮುಂದೆ ನಡೆಯಲಿ. ಅಕ್ಕನವರಿಗೆ ಮೇಲಿನ ಅರಮನೆಯ ಪಾಯ ತೋರಿಸಿ: ಅಡುಗೆಮನೆಯ ಕಲ್ಲೊಲೆ, ಬಚ್ಚಲು. ಕೋಟೆಯನ್ನು ಯಾರು ಮುತ್ತಿದರು ಎಂಬುದಕ್ಕಿಂತ ಅಷ್ಟು ಎತ್ತರಕ್ಕೆ ಅಕ್ಕಿ ಹೊತ್ತವರು ಯಾರು ಎಂಬ ಮಾತೇ ಅಲ್ಲಿ ಹೆಚ್ಚು ಹೊತ್ತು ನಡೆದೀತು. ಅದೂ ಯುದ್ಧದ ಮಾತೇ. ಸೂರ್ಯಾಸ್ತ ಆರರ ಸುಮಾರಿಗೆ, ಐದೂಕಾಲಿಗೆ ಇಳಿಯಲು ಶುರು ಮಾಡಿ. ಬ್ಯಾಟರಿ ಇದೆ ಎಂದು ತಡಮಾಡಿದರೆ ಮೊಣಕಾಲು ನೋವಿನವರು ಮೆಟ್ಟಿಲಲ್ಲಿ ಸಿಕ್ಕಿಕೊಳ್ಳುತ್ತಾರೆ.

ಎರಡನೇ ದಿನ ನಗರ. ಕೋಟೆಗೆ ನಿಮ್ಮನ್ನಿಳಿಸಿ ಉಳಿದವರು ದೇವಗಂಗೆ ಕೊಳಗಳಿಗೆ ಹೋಗಲಿ. ಕೆಳದಿ ಅರಸರ ಕಾಲದ ಕೊಳಗಳು, ಬಗೆಬಗೆಯ ಆಕಾರ, ಹತ್ತಿರದಲ್ಲೇ ಇವೆ. ಕಾರಿನ ಕೀಲಿ ಭಾವನವರ ಕೈಯಲ್ಲಿರಲಿ. ಕಾಯುವವರ ಹತ್ತಿರ ಕೀಲಿಯಿದ್ದರೆ ಅರ್ಧ ಜಗಳ ಕಡಿಮೆ. ಈ ಕಡೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಎಷ್ಟು ಗಂಟೆಗೆ ಎಲ್ಲಿ ಸೇರುವುದು ಎಂದು ಮೊದಲೇ ಹೇಳಿಕೊಳ್ಳಿ. ಒಂದೂವರೆ ಗಂಟೆ ಕೇಳಿ, ಒಂದೂಕಾಲಕ್ಕೇ ಬನ್ನಿ.

ನಗರದ ಯುದ್ಧವನ್ನು ಕೋಟೆಯೊಳಗೆ ಹುಡುಕಿದರೆ ಅರ್ಧವೇ ಸಿಗುತ್ತದೆ. ಬಿದನೂರಿನ ನಿಜವಾದ ಕೋಟೆ ಸುತ್ತಲಿನ ಕಾಡು ಮತ್ತು ಘಟ್ಟ. 1763ರಲ್ಲಿ ಹೈದರಾಲಿಗೆ ಒಳದಾರಿ ಸಿಕ್ಕಿದ್ದೇ ರಾಣಿ ವೀರಮ್ಮಾಜಿಯ ರಾಜಧಾನಿ ಕೈಬಿಟ್ಟಿತು. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕುಂದಾಪುರದಿಂದ ಹೊಸಂಗಡಿ ಘಟ್ಟ ಹತ್ತಿ ಬಂದ. ಕೋಟೆಯಲ್ಲಿದ್ದ ಮೈಸೂರಿನ ಅಧಿಕಾರಿ ಆಯಾಜ್ ಒಪ್ಪಿಸಿಬಿಟ್ಟ. ಆ ಬೇಸಿಗೆಯಲ್ಲೇ ಟಿಪ್ಪು ಮುತ್ತಿಗೆ ಹಾಕಿ ಹಿಂದಕ್ಕೆ ಪಡೆದ. ಆದ್ದರಿಂದ ಊಟವಾದ ಮೇಲೆ ಹುಲಿಕಲ್ ಘಾಟಿಯಲ್ಲಿ ಹೊಸಂಗಡಿ ಕಡೆ ಒಂದಷ್ಟು ಇಳಿದು ವಾಪಸು ಹತ್ತಿ. ಕಾರಿಗೇ ಎರಡನೇ ಗೇರು ಬೇಕಾಗುವ ಆ ಏರಿನಲ್ಲಿ ತೋಪು ಎಳೆದ ಎತ್ತುಗಳ ಪಾಡು ವಿವರಿಸುವ ಅಗತ್ಯವೇ ಬೀಳದು. ಹೆಂಡತಿಗೆ ಕಾಡು, ಭಾವನಿಗೆ ಡ್ರೈವಿಂಗು, ನಿಮಗೆ 1783. ತಿರುವಿನಲ್ಲಿ ನಿಲ್ಲಿಸಬೇಡಿ, ಕೆಳಗಿನಿಂದ ಲಾರಿ ಬರುತ್ತವೆ.

ಹೊಳೆಹೊನ್ನೂರು ಈ ಪಟ್ಟಿಗೆ ಬೇಡ. ಲಿಟಲ್‌ನ ದಂಡು ಗಾಜನೂರಿಗೆ ಬರುವ ಮೊದಲು ಹಿಡಿದ ಕೋಟೆ ಅದು, ನಿಮಗೆ ಮುಖ್ಯವೇ. ಆದರೆ ನಿಮ್ಮೂರಿನಿಂದ ಸ್ಕೂಟರಿನಲ್ಲಿ ಹೋಗಿಬರುವಷ್ಟು ಹತ್ತಿರ. ಒಂದು ಭಾನುವಾರ ಒಬ್ಬರೇ ಹೋಗಿ. ಭಾವನವರು ತಾವಾಗಿ ಬರುತ್ತೇನೆಂದರೆ ಕೂಡಲಿಯ ಸಂಗಮವನ್ನೂ ಸೇರಿಸಿಕೊಳ್ಳಿ.

— ಸಂ.