ಮಗಳ ಜೊತೆ ಕಮಿನೊ: ಪೂರ್ತಿ ನಡೆಯಬೇಕಾ?

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಅವಳ ಜೊತೆ ಸ್ಪೇನ್‌ನ ಕಮಿನೊ ಯಾತ್ರೆಯ ದಾರಿ ನಡೆಯುವ ಆಸೆ. ಅವಳಿಗೆ ಆಗುತ್ತಾ?

ಉತ್ತರ: ಆಗುತ್ತದೆ, ಆದರೆ ಪೂರ್ತಿ ದಾರಿ ಬೇಡ. ಫ್ರಾನ್ಸ್ ಕಡೆಯಿಂದ ಹೊರಟರೆ ಯಾತ್ರೆ ಮುಗಿಯುವ ಸ್ಯಾಂಟಿಯಾಗೋ ನಗರಕ್ಕೆ ಸುಮಾರು 780 ಕಿ.ಮೀ. ಸಾರಿಯಾ ಊರಿನಿಂದ ಸುಮಾರು 115 ಕಿ.ಮೀ. ಮಾತ್ರ. ಕೊನೆಯ 100 ಕಿ.ಮೀ. ನಡೆದರೂ ಪ್ರಮಾಣಪತ್ರ ಸಿಗುತ್ತದೆ.

ನಾನು, ನನ್ನ ಮಗ ಸಾರಿಯಾದಿಂದಲೇ ಹೊರಟೆವು. ಆಗ ಅವನಿಗೆ 11. ದಿನಕ್ಕೆ 15 ಕಿ.ಮೀ.ನಂತೆ ಎಂಟು ದಿನ. ದಾರಿ ತೋರಿಸುವ ಹಳದಿ ಬಾಣಗಳನ್ನು ಹುಡುಕುವ ಕೆಲಸ ಅವನದು. ನಡೆದದ್ದಕ್ಕೆ ಸಾಕ್ಷಿಯಾಗಿ ದಾರಿಯುದ್ದಕ್ಕೂ ಯಾತ್ರಿಕರ ಪುಸ್ತಕಕ್ಕೆ ಮುದ್ರೆ ಹಾಕಿಸುವುದೂ ಅವನೇ. ಈ ಕೊನೆಯ ಭಾಗದಲ್ಲಿ ದಿನಕ್ಕೆ ಎರಡು ಮುದ್ರೆ ಹಾಕಿಸಿದೆವು. ಜವಾಬ್ದಾರಿ ಕೊಟ್ಟ ಮೇಲೆ "ಇನ್ನೂ ಎಷ್ಟು ದೂರ" ಅನ್ನೋ ಪ್ರಶ್ನೆ ಎಷ್ಟೋ ಕಡಿಮೆಯಾಯಿತು.

ತಪ್ಪು ಮಾಡಿದ್ದು ನಾನು. ಎರಡನೇ ದಿನ "ಅಮ್ಮಾ, ಹಿಮ್ಮಡಿ ಉರಿಯುತ್ತಿದೆ" ಅಂದ. ಮುಂದಿನ ಊರಲ್ಲಿ ನೋಡೋಣ ಅಂದೆ. ಅಲ್ಲಿಗೆ ಹೋಗುವಷ್ಟರಲ್ಲಿ ದೊಡ್ಡ ಬೊಬ್ಬೆ ಎದ್ದಿತ್ತು. ಅವನು ಅಳಲಿಲ್ಲ, ಅದೇ ನನಗೆ ಜಾಸ್ತಿ ನೋವಾಯಿತು. ಮಗಳು ಉರಿ ಅಂದ ಕೂಡಲೇ ಅಲ್ಲೇ ಕೂರಿಸಿ, ಶೂ ಬಿಚ್ಚಿಸಿ, ಒಣಗಿದ ಸಾಕ್ಸ್ ಹಾಕಿಸಿ. ಹೊಸ ಶೂ ಅಂತೂ ಬೇಡವೇ ಬೇಡ.

ಐದನೇ ದಿನ ನನ್ನ ಮಂಡಿ ನೋಯಿತು. ಆಗ ಅವನು ಪ್ರತಿ ಬಾಣದ ಹತ್ತಿರ ನನಗಾಗಿ ನಿಂತು ಕಾಯುತ್ತಿದ್ದ.