ಗಾಯಾಳುವಿನ ಮೊದಲ ಹತ್ತು ನಿಮಿಷ

ಪ್ರಶ್ನೆ: ಮಂಗೋಲಿಯಾದ ‘ಖಾನ್ ಕ್ವೆಸ್ಟ್’ ಸಮರಾಭ್ಯಾಸದಲ್ಲಿ ರಣರಂಗದ ಪ್ರಥಮ ಚಿಕಿತ್ಸೆಯನ್ನೂ ಕಲಿಸುತ್ತಾರೆಂದು ಓದಿದೆ. ಶಾಂತಿಪಾಲನೆಗೆ ಹೋಗುವ ಸೈನಿಕರಿಗೆ ಇದೇಕೆ? ವೈದ್ಯರು ಜೊತೆಗಿರುವುದಿಲ್ಲವೇ? ಹಲವು ದೇಶದವರು ಒಟ್ಟಿಗೇ ಕಲಿಯಬೇಕೇಕೆ?
— ಓದುಗರೊಬ್ಬರು, ಮಡಿಕೇರಿ

ಉತ್ತರ: ವೈದ್ಯರು ಇರುತ್ತಾರೆ, ಆದರೆ ಸಾಮಾನ್ಯವಾಗಿ ಶಿಬಿರದಲ್ಲಿ. ಗಸ್ತು ಹೊರಟ ತುಕಡಿಯ ಮೇಲೆ ಗುಂಡು ಹಾರಿದಾಗ ಅಥವಾ ವಾಹನವು ನೆಲಬಾಂಬಿಗೆ ಸಿಕ್ಕಿದಾಗ ಗಾಯಾಳುವಿನ ಪಕ್ಕದಲ್ಲಿರುವವನು ಇನ್ನೊಬ್ಬ ಸೈನಿಕನೇ. ತೊಡೆಯ ದೊಡ್ಡ ರಕ್ತನಾಳ ಹರಿದವನು ಕೆಲವೇ ನಿಮಿಷಗಳಲ್ಲಿ ಪ್ರಾಣ ಬಿಡಬಹುದು. ಆದ್ದರಿಂದಲೇ ವಿಶ್ವಸಂಸ್ಥೆ 10-1-2 ಎಂಬ ಗುರಿಯನ್ನು ಇಟ್ಟುಕೊಂಡಿದೆ: 10 ನಿಮಿಷದೊಳಗೆ ಪ್ರಥಮ ಚಿಕಿತ್ಸೆ, 1 ಗಂಟೆಯೊಳಗೆ ನುರಿತವರ ಆರೈಕೆ, 2 ಗಂಟೆಯೊಳಗೆ ಶಸ್ತ್ರಚಿಕಿತ್ಸೆ. ಮೊದಲ ಹತ್ತು ನಿಮಿಷ ತಪ್ಪಿದರೆ ಮುಂದಿನ ಏರ್ಪಾಡೆಲ್ಲ ಎಷ್ಟು ಚೆನ್ನಾಗಿದ್ದರೂ ವ್ಯರ್ಥ.

ಊರಿನ ಪ್ರಥಮ ಚಿಕಿತ್ಸಾ ತರಗತಿಗಳಲ್ಲಿ ಉಸಿರಾಟಕ್ಕೆ ಮೊದಲ ಸ್ಥಾನ ಕೊಡುವುದು ರೂಢಿ. ಇಲ್ಲಿ ಧಾರಾಕಾರ ರಕ್ತಸ್ರಾವವನ್ನು ನಿಲ್ಲಿಸುವುದೇ ಮೊದಲು. ಅದಕ್ಕೂ ಮುನ್ನ ಗುಂಡಿನ ದಾಳಿಯಿಂದ ಮರೆಗೆ ಸರಿಯಬೇಕು, ಇಲ್ಲದಿದ್ದರೆ ಒಬ್ಬ ಗಾಯಾಳು ಇಬ್ಬರಾಗುತ್ತಾರೆ. ಕೈಕಾಲಿನ ಗಾಯವಾದರೆ ಅದಕ್ಕಿಂತ ಎರಡು-ಮೂರು ಅಂಗುಲ ಮೇಲೆ, ಕೀಲನ್ನು ಬಿಟ್ಟು, ಟೂರ್ನಿಕೆಟ್ ಪಟ್ಟಿಯನ್ನು ರಕ್ತ ನಿಲ್ಲುವವರೆಗೆ ಬಿಗಿದು, ಬಿಗಿದ ಸಮಯವನ್ನು ಬರೆದಿಡಬೇಕು. ಉಸಿರಿನ ದಾರಿ, ಎದೆಯ ಗಾಯ ಇವೆಲ್ಲ ಆಮೇಲೆ. ಕೊನೆಗೆ ಗಾಯಾಳುವನ್ನು ಬೆಚ್ಚಗಿಡಬೇಕು. ಆಫ್ರಿಕಾದ ಬಿಸಿಲಲ್ಲಿ ಕಂಬಳಿಯೇ ಎಂದು ನಗು ಬಂದೀತು. ಆದರೆ ರಕ್ತ ಕಳೆದುಕೊಂಡ ದೇಹ ಬೇಗ ತಣ್ಣಗಾಗುತ್ತದೆ, ತಣ್ಣಗಾದ ದೇಹದಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ಇನ್ನು ಒಟ್ಟಿಗೆ ಕಲಿಯುವ ಮಾತು. ಶಾಂತಿಪಾಲನೆಯಲ್ಲಿ ಗಾಯಾಳು ಒಂದು ದೇಶದವನು, ಹೆಲಿಕಾಪ್ಟರ್ ಮತ್ತೊಂದು ದೇಶದ್ದು, ಆಸ್ಪತ್ರೆ ಮೂರನೆಯ ದೇಶದ್ದು ಆಗಿರಬಹುದು. ಕಾಂಗೋದ ಗೋಮಾದಲ್ಲಿ ವಿಶ್ವಸಂಸ್ಥೆಯ ಪಡೆಗಳಿಗಾಗಿ ಆಸ್ಪತ್ರೆ ನಡೆಸಿದ್ದು ಭಾರತೀಯ ಸೇನೆ. ಎಲ್ಲರೂ ಒಂದೇ ಕ್ರಮವನ್ನು ಕಲಿತಿದ್ದರೆ, ಭಾಷೆ ಬಾರದಿದ್ದರೂ ಏನಾಗಿದೆ, ಏನು ಬಾಕಿಯಿದೆ ಎಂಬುದು ಗಾಯಾಳುವನ್ನು ನೋಡಿದೊಡನೆ ತಿಳಿಯುತ್ತದೆ. 2003ರಲ್ಲಿ ಅಮೆರಿಕ ಮತ್ತು ಮಂಗೋಲಿಯಾಗಳ ನಡುವೆ ಆರಂಭವಾದ ಖಾನ್ ಕ್ವೆಸ್ಟ್, 2006ರಿಂದ ಬಹುರಾಷ್ಟ್ರೀಯವಾಗಿರುವುದರಿಂದ ಈ ಕೂಡುಕಲಿಕೆಗೆ ತಕ್ಕ ಜಾಗವಾಗಿದೆ. ಉಪನ್ಯಾಸದಿಂದ ಇದು ಬರುವುದಿಲ್ಲ. ಕತ್ತಲಲ್ಲಿ, ಮಣ್ಣಾದ ಕೈಗಳಿಂದ, ಹತ್ತಾರು ಸಲ ಪಟ್ಟಿ ಬಿಗಿದು ನೋಡಬೇಕು.

ಇನ್ನೊಂದು ಸಣ್ಣ ನಿಯಮವಿದೆ. ಬಳಸಬೇಕಾದದ್ದು ಗಾಯಾಳುವಿನ ಸ್ವಂತ ಚೀಲದ ಟೂರ್ನಿಕೆಟನ್ನು, ಏಕೆಂದರೆ ನೆರವಾಗುವವನದು ಅವನಿಗೇ ಬೇಕಾದೀತು. ಆದ್ದರಿಂದ ಬೇರೆ ದೇಶದ ಜೊತೆಗಾರ ತನ್ನ ಚೀಲವನ್ನು ಸಮವಸ್ತ್ರದ ಯಾವ ಭಾಗದಲ್ಲಿ ಕಟ್ಟಿಕೊಂಡಿರುತ್ತಾನೆ ಎಂಬುದನ್ನೂ ಮೊದಲೇ ತಿಳಿದಿರಬೇಕಾಗುತ್ತದೆ.