ಬೊಲೋನ್ಯಾದ ತ್ರತ್ತೊರಿಯಾಗೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವ ಮುಂಚೆ

ನಿಮ್ಮ ಪ್ರಶ್ನೆ ನೋಡಿದೆ. ಮೇ ಕೊನೆಗೆ ಅಪ್ಪ-ಅಮ್ಮನ ಜೊತೆ ಇಟಲಿಯ ಬೊಲೋನ್ಯಾದಲ್ಲಿ ಮೂರು ದಿನ ಇರುತ್ತೀರಿ. ಒಂದು ಊಟವಾದರೂ ಮನೆಯವರೇ ನಡೆಸುವ ಹಳೇ ಹೋಟೆಲಿನಲ್ಲಿ, ಅಂದರೆ ತ್ರತ್ತೊರಿಯಾದಲ್ಲಿ, ಆಗಬೇಕು. ಇಬ್ಬರೂ ಸಸ್ಯಾಹಾರಿ. ಅಮ್ಮ ಮೊಟ್ಟೆ ತಿನ್ನುತ್ತಾರೆ, ಅಪ್ಪ ಅದನ್ನೂ ಮುಟ್ಟುವುದಿಲ್ಲ. ಇದಕ್ಕೆ ಮೇಲೆ ಒಬ್ಬರು ‘ಪಾಸ್ತಾ ವೆಜ್ ತಾನೇ, ಎಲ್ಲಿ ಹೋದರೂ ಸಿಗುತ್ತೆ’ ಎಂದು ಬರೆದಿದ್ದಾರೆ. ನಾನು ಆರು ವರ್ಷ ಆ ಊರಿನಲ್ಲಿದ್ದವಳು. ಬೊಲೋನ್ಯಾದ ಮಟ್ಟಿಗೆ ಆ ಮಾತು ನಿಜವಲ್ಲ. ಹಾಗಂತ ಹೋಗಬೇಡಿ ಅಂತ ಖಂಡಿತ ಹೇಳುವುದಿಲ್ಲ. ಮುಂಚೆ ಒಂದು ಫೋನ್ ಮಾಡಿ, ಏನು ಕೇಳಬೇಕೆಂದು ತಿಳಿದುಕೊಂಡು ಹೋಗಿ. ಅಷ್ಟು ಮಾಡಿದರೆ ಅಲ್ಲಿಯ ಊಟ ಅವರಿಗೆ ತುಂಬಾ ಇಷ್ಟವಾಗುತ್ತದೆ.

ಮೊದಲು ನನಗಾದದ್ದು ಹೇಳುತ್ತೇನೆ. ನನ್ನ ಅಮ್ಮ ಬಂದ ಮೊದಲ ವರ್ಷ ಒಂದು ಕಡೆ ಮಿನೆಸ್ತ್ರೋನೆ ತರಿಸಿದೆ. ತರಕಾರಿ, ಹುರುಳಿಕಾಯಿ, ಆಲೂಗಡ್ಡೆ, ಎಲ್ಲ ಕಣ್ಣಿಗೆ ಕಾಣುತ್ತಿತ್ತು. ಅಮ್ಮ ಅರ್ಧ ಬಟ್ಟಲು ಖುಷಿಯಿಂದ ಕುಡಿದರು. ರುಚಿಗೆ ಏನು ಹಾಕುತ್ತೀರಿ ಎಂದು ಆಮೇಲೆ ಕೇಳಿದೆ. ಹಂದಿ ಮಾಂಸದ ಚರ್ಮದ ತುಂಡನ್ನು ಜೊತೆಗೇ ಕುದಿಸಿ ಕೊನೆಗೆ ತೆಗೆಯುತ್ತೇವೆ ಎಂದರು. ಅವರು ಮುಚ್ಚಿಡಲಿಲ್ಲ, ಕೇಳಿದ ತಕ್ಷಣ ಹೇಳಿದರು. ಮೊದಲೇ ಕೇಳಬೇಕಾದವಳು ನಾನು. ಅಮ್ಮ ಏನೂ ಅನ್ನಲಿಲ್ಲ, ಆದರೆ ಆ ರಾತ್ರಿ ಬೇರೇನೂ ತಿನ್ನಲಿಲ್ಲ. ಅದು ನಿಮ್ಮ ಮನೆಯವರಿಗೆ ಆಗಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ತ್ರತ್ತೊರಿಯಾ ಅಂದರೆ ಹೆಚ್ಚುಕಡಿಮೆ ನಮ್ಮ ಹುಬ್ಬಳ್ಳಿ-ಧಾರವಾಡದ ಖಾನಾವಳಿ ಇದ್ದ ಹಾಗೆ. ಒಳಗೆ ಒಬ್ಬರು ರೊಟ್ಟಿ ಬಡಿಯುತ್ತಿರುತ್ತಾರೆ, ಮನೆಯವರೇ ಬಡಿಸುತ್ತಾರೆ, ಅವತ್ತು ಏನು ಪಲ್ಯವೋ ಅದೇ ಪಲ್ಯ. ಬೊಲೋನ್ಯಾದಲ್ಲಿ ರೊಟ್ಟಿಯ ಜಾಗದಲ್ಲಿ ಸ್ಫೋಲ್ಯಾ ಇರುತ್ತದೆ. 100 ಗ್ರಾಂ ಮೈದಾಕ್ಕೆ ಒಂದು ಮೊಟ್ಟೆ ಲೆಕ್ಕದಲ್ಲಿ ನಾದಿ, ಉದ್ದನೆಯ ಕೋಲಿನಿಂದ ಬಟ್ಟೆಯಷ್ಟು ತೆಳ್ಳಗೆ ಲಟ್ಟಿಸಿದ ಪಾಸ್ತಾ ಹಾಳೆ ಅದು. ಲಟ್ಟಿಸುವ ಹೆಂಗಸಿಗೆ ಸ್ಫೋಲೀನಾ ಅನ್ನುತ್ತಾರೆ. ಈ ಊರಿನವರು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಎಂದರೆ, ಆ ಹಾಳೆಯನ್ನು ಪಟ್ಟಿಯಾಗಿ ಕತ್ತರಿಸಿದ ತಾಲ್ಯಾತೆಲ್ಲೆ ಬೆಂದ ಮೇಲೆ 8 ಮಿಲಿಮೀಟರ್ ಅಗಲ ಇರಬೇಕು ಎಂದು 1972ರಲ್ಲಿ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿದ್ದಾರೆ. ಅದರ ಚಿನ್ನದ ಮಾದರಿಯನ್ನೂ ಅಲ್ಲಿ ಇಟ್ಟಿದ್ದಾರೆ.

ಅಂದರೆ ನಿಮ್ಮ ಅಪ್ಪನಿಗೆ ಅಲ್ಲಿಯ ಕೈಪಾಸ್ತಾ ಆಗುವುದಿಲ್ಲ, ಹೆಚ್ಚುಕಡಿಮೆ ಎಲ್ಲದರಲ್ಲೂ ಮೊಟ್ಟೆ ಇರುತ್ತದೆ. ಅವರಿಗೆ ಒಣ ಪಾಸ್ತಾ ಕೇಳಿ, ‘ಪಾಸ್ತಾ ಸೆಕ್ಕಾ’. ಅದು ಗಟ್ಟಿ ಗೋಧಿಯ ರವೆ ಮತ್ತು ನೀರು, ಅಷ್ಟೇ. ‘ಪೆನ್ನೆ ಅಲ್ ಪೊಮೊದೋರೊ’, ಅಂದರೆ ಟೊಮ್ಯಾಟೊ ಸಾಸಿನ ಪಾಸ್ತಾ, ಮೆನುವಿನಲ್ಲಿ ಇಲ್ಲದಿದ್ದರೂ ಮುಂಚೆ ಹೇಳಿದರೆ ಸಾಮಾನ್ಯವಾಗಿ ಮಾಡಿಕೊಡುತ್ತಾರೆ. ಟೊಮ್ಯಾಟೊ ಸಾಸಿಗೆ ಪಂಚೆತ್ತಾ, ಅಂದರೆ ಹಂದಿ ಮಾಂಸ, ಹಾಕಿಲ್ಲ ತಾನೇ ಎಂದು ಒಂದು ಸಲ ಕೇಳಿ. ಹಲ್ಲಿನ ತೊಂದರೆ ಇದ್ದರೆ ‘ಬೆನ್ ಕೋತ್ತಾ’ ಅನ್ನಿ, ಸ್ವಲ್ಪ ಜಾಸ್ತಿ ಬೇಯಿಸುತ್ತಾರೆ. ಹಿರಿಯರಿಗಾಗಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಅಮ್ಮನಿಗೆ ತೊರ್ತೆಲ್ಲೋನಿ ಹೇಳಿ. ಇಲ್ಲಿ ಒಂದಕ್ಷರ ತಪ್ಪಿದರೂ ಕಷ್ಟ. ತೊರ್ತೆಲ್ಲೀನಿ ಚಿಕ್ಕದು, ಅದರ ಹೂರಣ ಹಂದಿ ಮಾಂಸ, ಪ್ರೊಶುತ್ತೊ (ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ), ಮೊರ್ತದೆಲ್ಲಾ (ಹಂದಿ ಮಾಂಸದ ಸಾಸೇಜ್). ಅದನ್ನು ಬಡಿಸುವುದೂ ಮಾಂಸದ ಸಾರಿನಲ್ಲಿ. ತೊರ್ತೆಲ್ಲೋನಿ ದೊಡ್ಡದು, ಒಳಗೆ ರಿಕೊತ್ತಾ ಚೀಸ್, ಜೊತೆಗೆ ಪಾರ್ಸ್ಲಿ ಅಥವಾ ಪಾಲಕ್. ಅದನ್ನು ‘ಬುರ್ರೊ ಎ ಸಾಲ್ವ್ಯಾ’ ಕೇಳಿ, ಬೆಣ್ಣೆಯಲ್ಲಿ ಸೇಜ್ ಎಲೆ ಹಾಕಿ ಹೊರಳಿಸಿ ಕೊಡುತ್ತಾರೆ. ನನ್ನ ಪ್ರಕಾರ ಆ ಊರಿನ ಅತಿ ಒಳ್ಳೆಯ ತಟ್ಟೆ ಅದೇ. ಬಿಸಿ ಇರುವಾಗಲೇ ತಿನ್ನಬೇಕು, ಫೋಟೋ ಆಮೇಲೆ.

ನಮ್ಮಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕಿ ಕಂಡರೆ ನಿಶ್ಚಿಂತೆ, ಅಲ್ವಾ? ಬೊಲೋನ್ಯಾದಲ್ಲಿ ಹಸಿರು ಪಾಸ್ತಾ ಕಂಡರೆ ಇನ್ನೂ ಹುಷಾರಾಗಿರಬೇಕು. ಬಲಂಜೋನಿ ಎಂಬ ಹಸಿರು ಪಾಸ್ತಾದ ಹೊರಗೆ ಪಾಲಕ್, ಒಳಗೆ ರಿಕೊತ್ತಾ ಜೊತೆ ಮೊರ್ತದೆಲ್ಲಾ. ಆ ಊರಿನ ಲಸಾನ್ಯಾ ಕೂಡ ಹಸಿರೇ, ಪದರಪದರಕ್ಕೂ ಮಾಂಸದ ರಗೂ.

ಕಣ್ಣಿಗೆ ಕಾಣದ ಇನ್ನೊಂದಿಷ್ಟು ವಿಷಯ ಇದೆ. ಒಂದು ಬ್ರೋದೊ, ಮಾಂಸದ ಸಾರು. ರಿಸೊತ್ತೊ ಎಂಬ ಅನ್ನ ಬಹಳಷ್ಟು ಕಡೆ ಇದರಲ್ಲೇ ಬೇಯುತ್ತದೆ, ತರಕಾರಿ ರಿಸೊತ್ತೊ ಕೂಡ. ಮೇ ತಿಂಗಳಲ್ಲಿ ಪಕ್ಕದ ಆಲ್ತೇದೊ ಊರಿನ ಹಸಿರು ಶತಾವರಿ ಬಂದಿರುತ್ತದೆ, ನಮ್ಮಲ್ಲಿ ಆಸ್ಪರಾಗಸ್ ಅನ್ನುತ್ತೇವಲ್ಲ, ಅದು. ಅದರ ರಿಸೊತ್ತೊ ನೋಡಿ ಆಸೆಯಾಗುತ್ತದೆ. ಆದರೆ ಸಾರು ಯಾವುದು ಎಂದು ಕೇಳದೆ ತರಿಸಬೇಡಿ. ಬೇಯಿಸಿದ ಶತಾವರಿಗೆ ಬೆಣ್ಣೆ ಹಾಕಿ ಕೊಡುವುದೂ ಉಂಟು, ಅದಕ್ಕೆ ಸಾರಿನ ತೊಂದರೆ ಇಲ್ಲ.

ಇನ್ನೊಂದು ಸ್ತ್ರುತ್ತೊ, ಹಂದಿ ಕೊಬ್ಬು. ಪೂರಿಯ ಹಾಗೆ ಉಬ್ಬಿ ಬರುವ ಕ್ರೆಶೆಂತೀನೆ ನೋಡಿ ಎಲ್ಲರೂ ಮೋಸ ಹೋಗುತ್ತಾರೆ. ಹಳೇ ಕ್ರಮದಲ್ಲಿ ಹಿಟ್ಟಿಗೂ ಕರಿಯುವುದಕ್ಕೂ ಅದೇ ಕೊಬ್ಬು. ಪ್ಯಾದೀನಾ ಎಂಬ ಚಪಾತಿಯಂಥದ್ದನ್ನು ಕೊಬ್ಬಿನಲ್ಲೂ ಮಾಡುತ್ತಾರೆ, ಆಲಿವ್ ಎಣ್ಣೆಯಲ್ಲೂ ಮಾಡುತ್ತಾರೆ, ಕೇಳಿ ತಗೊಳ್ಳಿ. ಫ್ರಿಜ್ಜೋನೆ ಎಂಬ ಈರುಳ್ಳಿ-ಟೊಮ್ಯಾಟೊ ಗೊಜ್ಜು ಇದೆ. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ, ನಮ್ಮ ನಾಲಿಗೆಗೆ ತುಂಬಾ ಹಿಡಿಸುತ್ತದೆ. ಹಳೇ ಪಾಕದಲ್ಲಿ ಅದಕ್ಕೂ ಸ್ತ್ರುತ್ತೊ. ಎಣ್ಣೆಯಲ್ಲಿ ಮಾಡಿದ್ದೇವೆ ಎಂದರೆ ಎರಡು ತಟ್ಟೆ ತರಿಸಿ!

ಇನ್ನು ಚೀಸ್. ಇದನ್ನು ಹೇಳಲು ನನಗೆ ಕಷ್ಟ, ಆದರೂ ಹೇಳಬೇಕು. ಪಾರ್ಮಿಜಾನೊ ರೆಜ್ಜಾನೊ ಚೀಸ್‌ನಲ್ಲಿ ಮೂರೇ ವಸ್ತು: ಹಾಲು, ಉಪ್ಪು, ಮತ್ತು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು. ಬೇರೆ ಹೆಪ್ಪು ಹಾಕಿದರೆ ಆ ಹೆಸರು ಇಡುವ ಹಾಗಿಲ್ಲ. ರಿಕೊತ್ತಾ ಕೂಡ ಹೀಗೆ ಹೆಪ್ಪು ಹಾಕಿ ಚೀಸ್ ಮಾಡಿ ಉಳಿದ ನೀರಿನಿಂದ ಆಗುವುದು. ತೊರ್ತೆಲ್ಲೋನಿ ಒಳಗೆ ಇವೆರಡೂ ಇರುತ್ತವೆ. ಇದನ್ನು ಹೊರಡುವ ಮುಂಚೆ ಮನೆಯಲ್ಲೇ ಅಪ್ಪ-ಅಮ್ಮನಿಗೆ ಹೇಳಿ, ತಿನ್ನುವುದೋ ಬಿಡುವುದೋ ಅವರೇ ತೀರ್ಮಾನಿಸಲಿ. ಹೇಳದೆ ತಿನ್ನಿಸಬೇಡಿ. ಬೇಡ ಅಂದರೆ ಇಬ್ಬರಿಗೂ ಟೊಮ್ಯಾಟೊ ಪಾಸ್ತಾ, ‘ಸೆಂಜಾ ಫೊರ್ಮಾಜ್ಜೊ’, ಅಂದರೆ ಚೀಸ್ ಇಲ್ಲದೆ.

ಮೊಟ್ಟೆ ವಿಷಯದಲ್ಲಿ ಒಂದು ಅನುಕೂಲ ಇದೆ. ಅಲರ್ಜಿ ತರುವ 14 ಪದಾರ್ಥಗಳ ಬಗ್ಗೆ ಯುರೋಪಿನ ಹೋಟೆಲುಗಳು ಮಾಹಿತಿ ಕೊಡಲೇಬೇಕು. ಮೊಟ್ಟೆ, ಮೀನು, ಹಾಲು ಅದರಲ್ಲಿ ಸೇರಿವೆ. ಮಾಂಸ ಆ ಪಟ್ಟಿಯಲ್ಲಿ ಇಲ್ಲ, ಅದನ್ನು ಬಾಯಿಬಿಟ್ಟು ಕೇಳಬೇಕು. ಕೇಳುವಾಗ ಬರೀ ‘ವೆಜಿಟೇರಿಯನ್’ ಅಂದರೆ ಸಾಲದು. ‘ಸೆಂಜಾ ಕಾರ್ನೆ’ (ಮಾಂಸವಿಲ್ಲದೆ) ಎಂದರೂ ಕೆಲವು ವಯಸ್ಸಾದವರು ಪ್ರೊಶುತ್ತೊವನ್ನು ಮಾಂಸದ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದಕ್ಕೆ ಒಂದೊಂದೇ ಹೆಸರು ಹೇಳಿ: ಸೆಂಜಾ ಕಾರ್ನೆ, ಸೆಂಜಾ ಪ್ರೊಶುತ್ತೊ, ಸೆಂಜಾ ಬ್ರೋದೊ ದಿ ಕಾರ್ನೆ, ಸೆಂಜಾ ಸ್ತ್ರುತ್ತೊ, ಸೆಂಜಾ ಪೇಶೆ (ಮೀನು). ಅಪ್ಪನಿಗೆ ಜೊತೆಗೆ ‘ಸೆಂಜಾ ಉವೋವಾ’, ಮೊಟ್ಟೆ ಇಲ್ಲದೆ. ಉಚ್ಚಾರ ಸರಿ ಇರಲಿ, ‘ಊವಾ’ ಅಂದರೆ ದ್ರಾಕ್ಷಿ. ಇದನ್ನೆಲ್ಲ ಇಟಾಲಿಯನ್‌ನಲ್ಲೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಚೀಟಿ ನೇರ ಅಡುಗೆಮನೆಗೇ ಹೋಗುತ್ತದೆ. ನಾನು ಅಮ್ಮನ ಎರಡನೇ ಸಲಕ್ಕೆ ಹಾಗೇ ಮಾಡಿದ್ದು. ಅಡುಗೆಯವರೇ ಚೀಟಿ ಹಿಡಿದು ಹೊರಗೆ ಬಂದು ಅಮ್ಮನ ಪಕ್ಕ ನಿಂತು ಒಂದೊಂದೇ ಸಾಲು ಓದಿ ತಲೆಯಾಡಿಸಿದರು. ಅಮ್ಮ ಅವತ್ತು ಹೊಟ್ಟೆ ತುಂಬಾ ಊಟ ಮಾಡಿದರು.

ಯಾವ ಜಾಗ ಅಂತ ಕೇಳಿದ್ದೀರಿ. ಹೆಸರು ಹೇಳುವುದಕ್ಕಿಂತ ಗುರುತು ಹೇಳುತ್ತೇನೆ, ಹೋಟೆಲುಗಳು ಕೈ ಬದಲಾಗುತ್ತಿರುತ್ತವೆ. ಊರ ನಡುವಿನ ದೊಡ್ಡ ಚೌಕ ಪಿಯಾತ್ಸಾ ಮಜ್ಜೋರೆಯ ಸುತ್ತ ಬಾಗಿಲಲ್ಲಿ ನಿಂತು ಕರೆಯುವವರು, ಫೋಟೋ ಹಾಕಿದ ಮೆನು, ನಾಲ್ಕು ಭಾಷೆಯಲ್ಲಿ ನಲವತ್ತು ತಿಂಡಿ ಇದ್ದರೆ ಮುಂದೆ ನಡೆಯಿರಿ. ಮೆನು ಒಂದೇ ಪುಟ ಇರಬೇಕು. ವಾರದಲ್ಲಿ ಒಂದೆರಡು ದಿನ ಬಾಗಿಲು ಹಾಕುವ ಜಾಗ ಒಳ್ಳೆಯ ಲಕ್ಷಣ, ಮನೆಯವರೇ ದುಡಿಯುವಲ್ಲಿ ರಜೆ ಬೇಕೇ ಬೇಕು. ಊರ ನಡುವಿನಿಂದ ಸ್ವಲ್ಪ ಆಚೆ, ರೈಲು ನಿಲ್ದಾಣದ ಹಿಂದಿನ ಬೊಲೊನ್ಯೀನಾ ಬಡಾವಣೆ ಕಡೆಯೂ ಹುಡುಕಿ.

ಊಟಕ್ಕೆ ವಾರದ ನಡುವಿನ ಮಧ್ಯಾಹ್ನ ಹೋಗಿ, ಸರಿಯಾಗಿ 12:30ಕ್ಕೆ. ರಾತ್ರಿ 7:30ಕ್ಕೆ ಮುಂಚೆ ಸಾಮಾನ್ಯವಾಗಿ ಒಲೆ ಹಚ್ಚುವುದಿಲ್ಲ, ನಮ್ಮ ಹಿರಿಯರಿಗೆ ಅದು ತಡ. ಭಾನುವಾರ ಮಧ್ಯಾಹ್ನ ಊರಿನ ಮನೆಗಳವರೇ ಬಂದು ಕೂತಿರುತ್ತಾರೆ, ನಿಮ್ಮ ಜೊತೆ ಮಾತಾಡಲು ಮನೆಯವರಿಗೆ ಬಿಡುವು ಇರುವುದಿಲ್ಲ. ಜೂನ್ 2 ಅಲ್ಲಿ ಗಣರಾಜ್ಯ ದಿನ, ಪ್ರವಾಸ ಅಲ್ಲಿಯವರೆಗೆ ಹೋದರೆ ಮೊದಲೇ ಜಾಗ ಹಿಡಿಯಿರಿ.

ಆಂತಿಪಾಸ್ತೊ (ಊಟಕ್ಕೆ ಮುಂಚಿನ ತಿನಿಸು), ಪ್ರೀಮೊ (ಪಾಸ್ತಾ, ರಿಸೊತ್ತೊ), ಸೆಕೊಂದೊ (ಅದರ ನಂತರದ ಮುಖ್ಯ ತಟ್ಟೆ) ಎಲ್ಲ ತರಿಸಬೇಕೆಂದಿಲ್ಲ. ಸೆಕೊಂದೊ ಬಹುಪಾಲು ಮಾಂಸವೇ, ಬಿಟ್ಟುಬಿಡಿ. ತಲೆಗೊಂದು ಪ್ರೀಮೊ, ನಡುವೆ ಹಂಚಿಕೊಳ್ಳಲು ಎರಡು ಮೂರು ಕೊಂತೋರ್ನೊ, ಅಂದರೆ ಪಕ್ಕದ ಪಲ್ಯ. ಸುಟ್ಟ ತರಕಾರಿ ಒಳ್ಳೆಯದು. ಓವನ್ನಿನ ಆಲೂಗಡ್ಡೆಗೆ ಏನು ಕೊಬ್ಬು ಎಂದು ಕೇಳಿ. ಮೂವರು ಸೇರಿ ಒಂದೇ ತಟ್ಟೆ ಮಾತ್ರ ತರಿಸಬೇಡಿ, ಆ ಚಿಕ್ಕ ಜಾಗದಲ್ಲಿ ಒಂದು ಮೇಜು ಎಂದರೆ ಅವರ ಆ ಹೊತ್ತಿನ ಸಂಪಾದನೆ. ಚಟ್ನಿಪುಡಿ ಡಬ್ಬಿಯನ್ನೂ ರೂಮಿನಲ್ಲೇ ಬಿಡಿ. ಅಡುಗೆ ಮಾಡಿದವರು ಎದುರಿಗೇ ಇರುತ್ತಾರೆ, ಬೇಜಾರಾಗುತ್ತದೆ. ಖಾರ ಬೇಕಾದರೆ ‘ಪೆಪೆರೊಂಚೀನೊ’ ಕೇಳಿದರೆ ಸಾಕು.

ಸಿಹಿಯಲ್ಲಿ ಪನ್ನಾ ಕೋತ್ತಾ ಬೇಡ, ಅದರಲ್ಲಿ ಪ್ರಾಣಿಗಳ ಚರ್ಮ-ಮೂಳೆಯಿಂದ ತೆಗೆದ ಜೆಲಟಿನ್. ತಿರಮಿಸೂ ಹಸಿ ಮೊಟ್ಟೆಯದು. ಮೇ ತಿಂಗಳಲ್ಲಿ ಸ್ಟ್ರಾಬೆರಿಗೆ ನಿಂಬೆರಸ, ಸಕ್ಕರೆ ಹಾಕಿದ್ದು ಸಿಕ್ಕರೆ ಅಪ್ಪನಿಗೆ ಅದೇ ಒಳ್ಳೆಯದು.

ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗೆ 2–3 ಯೂರೋ ಇರುತ್ತದೆ. ಅದು ಮೋಸವಲ್ಲ, ಬ್ರೆಡ್ಡು ಮತ್ತು ಮೇಜಿನ ಲೆಕ್ಕ, ಮೆನುವಿನಲ್ಲೇ ಬರೆದಿರುತ್ತಾರೆ. ನೀರಿಗೂ ದುಡ್ಡು. ಟಿಪ್ಸ್ ಕಡ್ಡಾಯವಲ್ಲ. ಕೇಳುವವರೆಗೆ ಬಿಲ್ ತರುವುದಿಲ್ಲ, ಎಬ್ಬಿಸುವುದು ಅವರಲ್ಲಿ ಮರ್ಯಾದೆಯಲ್ಲ. ‘ಇಲ್ ಕೊಂತೊ ಪೆರ್ ಫವೋರೆ’ ಅನ್ನಿ. ತಟ್ಟೆಯಲ್ಲಿ ಉಳಿದ ಸಾಸನ್ನು ಬ್ರೆಡ್ಡಿನಿಂದ ಒರೆಸಿ ತಿನ್ನಬಹುದು, ಅದಕ್ಕೆ ‘ಸ್ಕಾರ್ಪೆತ್ತಾ’ ಎಂಬ ಹೆಸರೇ ಇದೆ. ಕೈಯಲ್ಲಿ ಊಟ ಮಾಡಿ ಅಭ್ಯಾಸವಿರುವ ಅಪ್ಪ-ಅಮ್ಮನಿಗೆ ಇದನ್ನು ಹೇಳಿಡಿ, ಸಂಕೋಚ ಕಡಿಮೆಯಾಗುತ್ತದೆ.

ಕೊನೆಗೆ ಫೋನ್ ವಿಷಯ. ಎರಡು ದಿನ ಮುಂಚೆ ಮಾಡಿ, ಮಧ್ಯಾಹ್ನ 3ರ ನಂತರ ಬೇಡ, ಬಾಗಿಲು ಹಾಕಿರುತ್ತಾರೆ. ಬೆಳಗ್ಗೆ 11ರ ಸುಮಾರಿಗೆ ಸಿಗುತ್ತಾರೆ. ಇಬ್ಬರು ಹಿರಿಯರಿದ್ದಾರೆ, ಇಂಥಿಂಥದ್ದು ತಿನ್ನುವುದಿಲ್ಲ, ನಿಮಗೆ ಆಗುತ್ತದೆಯೇ ಎಂದು ನೇರ ಕೇಳಿ. ಆಗುವುದಿಲ್ಲ ಎಂದರೆ ಥ್ಯಾಂಕ್ಸ್ ಹೇಳಿ ಮುಂದಿನ ಜಾಗಕ್ಕೆ ಮಾಡಿ. ದಿನ ಗಟ್ಟಿಯಾದ ಮೇಲೆ ಇಲ್ಲೇ ತಿಳಿಸಿ. ಚೀಟಿಯ ಸಾಲುಗಳನ್ನು ಇಟಾಲಿಯನ್‌ನಲ್ಲಿ ಬರೆದು, ಫೋನಿನಲ್ಲಿ ಹೇಳುವುದನ್ನು ಆಡಿಯೋ ಮಾಡಿ ಕಳಿಸುತ್ತೇನೆ.